ಒಂದೇ ಬಂಗುಡೆ, ಮೂರು ಹೋಟೆಲು

ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಇಳಿದು ಬಂದರಿನ ಕಡೆಗೆ ನಡೆದರೆ ಮೀನೂಟದ ಹೋಟೆಲುಗಳಿಗೆ ಬರವಿಲ್ಲ. ಊರಿಗೆ ಬರುವ ನೆಂಟರು, ಬೆಂಗಳೂರಿನಿಂದ ಕೆಲಸದ ಮೇಲೆ ಬರುವ ಸಹೋದ್ಯೋಗಿಗಳು ಎಲ್ಲರೂ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಎಲ್ಲಿ ಉಣ್ಣೋಣ? ಇಷ್ಟು ವರ್ಷ ಅಭ್ಯಾಸಬಲದಿಂದ ಒಂದೇ ಉತ್ತರ ಕೊಡುತ್ತಿದ್ದೆ. ಅದು ಇನ್ನೊಬ್ಬರ ಬಾಯಿಂದ ಕೇಳಿ ಕಲಿತ ಉತ್ತರ ಎಂದು ಒಂದು ದಿನ ಅನಿಸಿತು. ಈ ವರ್ಷ ಮೂರು ಹೋಟೆಲುಗಳನ್ನು ಗೊತ್ತುಮಾಡಿಕೊಂಡು ಮೂರರಲ್ಲೂ ಒಂದೇ ಊಟವನ್ನು ಮೂರು ಬೇರೆ ಬೇರೆ ಹೊತ್ತಿನಲ್ಲಿ ಉಂಡು ನೋಡಿದೆ. ಮೇ ತಿಂಗಳ ಸೆಕೆಯಲ್ಲಿ ಒಮ್ಮೆ, ಜುಲೈ ಮಳೆಯಲ್ಲಿ ಒಮ್ಮೆ, ಅಕ್ಟೋಬರಿನಲ್ಲಿ ಮತ್ತೊಮ್ಮೆ. ಹೆಸರುಗಳನ್ನು ಬರೆಯುತ್ತಿಲ್ಲ. ಒಂದು ಬಂದರಿನ ಗಲ್ಲಿಯದು, ಇನ್ನೊಂದು ಬಸ್ ನಿಲ್ದಾಣದ ಬಳಿಯದು, ಮೂರನೆಯದು ಮಹಡಿಯ ಮೇಲಿನ ಹವಾನಿಯಂತ್ರಿತ ಹೋಟೆಲು. ಇಂಥವು ಆ ಭಾಗದಲ್ಲಿ ಹಲವು ಇವೆ. ನಾನು ಕಂಡ ವ್ಯತ್ಯಾಸಗಳು ಉಳಿದವುಗಳನ್ನು ಅಳೆಯುವುದಕ್ಕೂ ಉಪಯೋಗಕ್ಕೆ ಬರುತ್ತವೆ.

ಎಲ್ಲ ಕಡೆಯೂ ಕುಚ್ಚಲಕ್ಕಿ ಊಟ ಮತ್ತು ಒಂದು ಬಂಗುಡೆ ಫ್ರೈ ಹೇಳಿದೆ. ಅದರ ಜೊತೆಗೆ ಬಡಿಸುವವರು ತಾವಾಗಿ ಯಾವುದು ಚೆನ್ನಾಗಿದೆ ಎಂದರೋ ಅದೊಂದು.

ಬಂಗುಡೆಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಅಂಜಲ್, ಅಂದರೆ ಸುರ್ಮಾಯಿ, ತುಂಡು ತುಂಡಾಗಿ ಬರುತ್ತದೆ. ಮೇಲೆ ಮಸಾಲೆ ದಪ್ಪಗಿದ್ದರೆ ನಾಲ್ಕು ದಿನ ಐಸಿನಲ್ಲಿ ಮಲಗಿದ್ದ ಅಂಜಲೂ ಮರ್ಯಾದೆ ಉಳಿಸಿಕೊಳ್ಳುತ್ತದೆ. ಮಾಂಜಿಯ (ಪಾಂಫ್ರೆಟ್) ಬೆಲೆಗೆ ಹೆದರಿ ಅದರ ರುಚಿಯನ್ನು ಯಾರೂ ತೆಗಳುವುದಿಲ್ಲ. ಬಂಗುಡೆ ಹಾಗಲ್ಲ. ಅದು ಇಡೀ ಮೀನಾಗಿ, ತಲೆ ಬಾಲ ಸಮೇತ ತಟ್ಟೆಗೆ ಬರುತ್ತದೆ. ಮೈಯಲ್ಲಿ ಎಣ್ಣೆಯಂಶ ಹೆಚ್ಚು, ಆದ್ದರಿಂದ ಬೇಗ ಕೆಡುತ್ತದೆ, ಕೆಟ್ಟದ್ದು ಬಾಯಿಗೆ ಬೇಗ ತಿಳಿಯುತ್ತದೆ. ದಿನಗೂಲಿಯವರಿಂದ ಹಿಡಿದು ದೊಡ್ಡ ವ್ಯಾಪಾರಿಗಳವರೆಗೆ ಎಲ್ಲರೂ ತಿನ್ನುವ ಮೀನು ಇದು. ಹೋಟೆಲೊಂದು ತನ್ನ ಬಂಗುಡೆಯನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬುದರಲ್ಲಿ ತನ್ನ ಗಿರಾಕಿಗಳನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬುದೂ ಗೊತ್ತಾಗುತ್ತದೆ.

ಮೊದಲು ಬಂದರಿನ ಗಲ್ಲಿಯ ಹೋಟೆಲು. ಸುತ್ತ ಒಣಮೆಣಸಿನ ಮೂಟೆ ಇಳಿಸುವ ಮಂಡಿಗಳು, ಹಗ್ಗ ಮತ್ತು ಬಲೆ ಮಾರುವ ಅಂಗಡಿಗಳು, ಹಂಚಿನ ಮಾಡಿನ ಹಳೆಯ ಗೋದಾಮುಗಳು. ಸ್ವಲ್ಪ ಮುಂದೆ ನಡೆದರೆ ಫಲ್ಗುಣಿ ನದಿ, ಆಚೆ ದಡದಲ್ಲಿ ಬೆಂಗರೆ. ಹೋಟೆಲಿನ ಬಾಗಿಲು ಎಷ್ಟು ಕಿರಿದು ಎಂದರೆ ಉಂಡು ಹೊರಡುವವರಿಗೆ ದಾರಿ ಬಿಟ್ಟ ಮೇಲೆಯೇ ಒಳಗೆ ಹೋಗಬೇಕು. ಮಧ್ಯಾಹ್ನ ಒಂದು ಗಂಟೆಗೆ ಹೋದರೆ ಉಣ್ಣುತ್ತಿರುವವರ ಹಿಂದೆ ನಿಂತು ಕಾಯಬೇಕು. ನಾನು ಮೊದಲ ಸಲ ಒಬ್ಬಳೇ ಹೋದಾಗ ಸ್ವಲ್ಪ ಅಳುಕಿತ್ತು. ಎದುರಿಗೆ ಇಬ್ಬರು ಮೂಟೆ ಹೊರುವವರು, ಪಕ್ಕದಲ್ಲಿ ಬ್ಯಾಂಕಿನ ನೌಕರರೊಬ್ಬರು, ನಡುವೆ ನಾನು. ಎದುರಿನವರು ತಮ್ಮ ಲೋಟ ಸರಿಸಿ ನನ್ನ ತಟ್ಟೆಗೆ ಜಾಗ ಮಾಡಿಕೊಟ್ಟು ಮತ್ತೆ ಊಟಕ್ಕೆ ಬಗ್ಗಿದರು. ಆ ಮೇಲೆ ಅಳುಕಿಗೆ ಜಾಗವಿರಲಿಲ್ಲ.

ಇಲ್ಲಿ ಮೆನು ಕಾರ್ಡು ಇಲ್ಲ. "ಇನಿ ವಾ ಮೀನ್ ಉಂಡು?" ಎಂದು ತುಳುವಿನಲ್ಲಿ ಕೇಳಿದರೆ, ಇವತ್ತು ಯಾವ ಮೀನಿದೆ ಎಂಬುದನ್ನು ಬಾಯಲ್ಲಿ ಹೇಳುವುದಿಲ್ಲ. ಮಸಾಲೆ ಮೆತ್ತಿದ ಹಸಿಮೀನಿನ ದೊಡ್ಡ ತಟ್ಟೆಯನ್ನೇ ಮೇಜಿಗೆ ತಂದು ತೋರಿಸುತ್ತಾರೆ. ಮೇ ತಿಂಗಳಲ್ಲಿ ಅದರಲ್ಲಿ ಬಂಗುಡೆ, ಅಂಜಲ್, ಚಪ್ಪಟೆ ಮೈಯ ನಂಗು, ಕಾಣೆ (ಲೇಡಿಫಿಶ್), ಸಿಗಡಿ, ಬೊಂಡಾಸ್ (ಸ್ಕ್ವಿಡ್) ಇದ್ದವು. ಬೆರಳು ತೋರಿಸಿದ ಮೀನೇ ಕಾವಲಿಗೆ ಹೋಗುತ್ತದೆ. ದೊಡ್ಡದಕ್ಕೆ ಒಂದು ದರ, ಚಿಕ್ಕದಕ್ಕೆ ಇನ್ನೊಂದು, ಅದನ್ನೂ ಆಗಲೇ ಹೇಳಿಬಿಡುತ್ತಾರೆ.

ಅಡುಗೆಮನೆಯ ಬಾಗಿಲು ತೆರೆದೇ ಇರುತ್ತದೆ. ಚಾಪೆಯಷ್ಟು ಅಗಲದ ಕಬ್ಬಿಣದ ಕಾವಲಿ. ಅದರ ಮೇಲೆ ಎಣ್ಣೆ ತೆಳುವಾಗಿ ನಿಂತಿದೆ. ಹಿಂದೆ ಹುರಿದ ಮೀನುಗಳಿಂದ ಬಿದ್ದ ಮಸಾಲೆ ಅದರಲ್ಲಿ ಸೇರಿ ಎಣ್ಣೆ ಕೆಂಪಗಾಗಿದೆ. ಬಂಗುಡೆಯ ಎರಡೂ ಮೈಗೆ ಮೂರು ಮೂರು ಗೀರು, ಗೀರು ನಡುಮುಳ್ಳಿನವರೆಗೆ ಇಳಿದಿರುತ್ತದೆ. ಕಾವಲಿಗೆ ಇಟ್ಟ ಅರೆ ನಿಮಿಷದಲ್ಲಿ ಮೀನಿನ ಬಾಲ ಸ್ವಲ್ಪ ಮೇಲೆದ್ದು ಮೈ ಬಾಗುತ್ತದೆ. ತಾಜಾ ಮೀನಿನ ಚರ್ಮ ಬಿಸಿಗೆ ಹಾಗೆ ಎಳೆದುಕೊಳ್ಳುತ್ತದೆ. ಹಳೆಯ ಮೀನು ಸತ್ತಂತೆಯೇ ಚಪ್ಪಟೆಯಾಗಿ ಮಲಗಿರುತ್ತದೆ. ಹುರಿಯುವವರು ಅದನ್ನು ಸಟ್ಟುಗದಿಂದ ಒತ್ತುವುದಿಲ್ಲ. ಎಣ್ಣೆಯನ್ನು ಮೇಲಕ್ಕೆ ಎರೆಯುತ್ತಾರೆ, ಒಂದೇ ಸಲ ಮಗುಚುತ್ತಾರೆ. ತಟ್ಟೆಗೆ ಹಾಕುವಾಗ ಕಾವಲಿಯ ಅಂಚಿನಲ್ಲಿ ಕರಿದು ನಿಂತ ಮಸಾಲೆಯನ್ನೂ ಒಂದಿಷ್ಟು ಕೆರೆದು ಮೀನಿನ ಮೇಲೆ ಹಾಕುತ್ತಾರೆ. ಆ ಚೂರು ಮಸಾಲೆಯನ್ನು ಅನ್ನಕ್ಕೆ ಕಲಸಿಕೊಂಡರೆ ಬೇರೆ ಪಲ್ಯವೇ ಬೇಡ.

ಮಸಾಲೆಯಲ್ಲಿ ಬ್ಯಾಡಗಿ ಮೆಣಸಿನ ಬಣ್ಣ, ಹುಣಸೆಯ ಹುಳಿ, ಬೆಳ್ಳುಳ್ಳಿ. ಖಾರ ನಾಲಿಗೆಯ ಮೇಲೆ ನಿಲ್ಲುವುದಿಲ್ಲ, ಏಕೆಂದರೆ ಬ್ಯಾಡಗಿ ಬಣ್ಣ ಕೊಡುವಷ್ಟು ಖಾರ ಕೊಡುವ ಮೆಣಸಲ್ಲ. ಬೆರಳಿನಿಂದ ಒತ್ತಿದರೆ ಮಾಂಸ ಎಸಳು ಎಸಳಾಗಿ ಬಿಡುತ್ತದೆ, ನಡುಮುಳ್ಳು ಬಾಚಣಿಗೆಯಂತೆ ಶುಭ್ರವಾಗಿ ಮೇಲೆ ಬರುತ್ತದೆ. ಮೇ ತಿಂಗಳಲ್ಲೂ ಅಕ್ಟೋಬರಿನಲ್ಲೂ ಹೀಗೆಯೇ ಇತ್ತು.

ಬಸ್ ನಿಲ್ದಾಣದ ಬಳಿಯ ಹೋಟೆಲು ಆತುರದಲ್ಲಿರುವವರಿಗಾಗಿ ಇರುವುದು. ಪುತ್ತೂರು, ಬಂಟ್ವಾಳ, ಕಾಸರಗೋಡುಗಳಿಂದ ಕೋರ್ಟು, ಆಸ್ಪತ್ರೆ, ಸರಕಾರಿ ಕಚೇರಿ ಎಂದು ಬಂದವರು ಇಲ್ಲಿ ಉಣ್ಣುತ್ತಾರೆ. ಕೂತ ಎರಡು ನಿಮಿಷಕ್ಕೆ ಊಟ ಬರುತ್ತದೆ. ಬಂದರಿನ ಹೋಟೆಲಿಗಿಂತ ಹತ್ತಿಪ್ಪತ್ತು ರೂಪಾಯಿ ಅಗ್ಗ. ಅನ್ನ ಎಷ್ಟು ಸಲ ಬೇಕಾದರೂ ಹಾಕುತ್ತಾರೆ, ಮುಖ ಸಿಂಡರಿಸದೆ ಹಾಕುತ್ತಾರೆ. ಕುಚ್ಚಲಕ್ಕಿ ಬೇಡವೆಂದರೆ ಬೆಳ್ತಿಗೆ ಅನ್ನವೂ ಇದೆ. ಬಸ್ಸಿನ ಹೊತ್ತನ್ನು ನೋಡುತ್ತಾ ಉಣ್ಣಬೇಕಾದವರಿಗೆ ಇದರ ಬೆಲೆ ಗೊತ್ತು. ಅದನ್ನು ನಾನು ಕಡೆಗಣಿಸುವುದಿಲ್ಲ.

ಆದರೆ ಎರಡು ನಿಮಿಷಕ್ಕೆ ಮೀನು ಬರಬೇಕಾದರೆ ಅದು ಮೊದಲೇ ಹುರಿದದ್ದಾಗಿರಲೇಬೇಕು. ಬೆಳಿಗ್ಗೆ ಹನ್ನೊಂದಕ್ಕೆ ಹುರಿದು ಗಾಜಿನ ಪೆಟ್ಟಿಗೆಯಲ್ಲಿ ಜೋಡಿಸಿಟ್ಟ ಬಂಗುಡೆಯನ್ನು ಇನ್ನೊಮ್ಮೆ ಕಾವಲಿಗೆ ತಾಗಿಸಿ ಕೊಡುತ್ತಾರೆ. ಮೇಲಿನ ಮಸಾಲೆ ಗಟ್ಟಿ ಹಪ್ಪಳದಂತಾಗಿರುತ್ತದೆ, ಒಳಗಿನ ಮಾಂಸದಲ್ಲಿ ರಸವಿರುವುದಿಲ್ಲ. ಅಕ್ಟೋಬರಿನಲ್ಲಿ ಬೇಕೆಂದೇ ಹನ್ನೊಂದೂವರೆಗೆ ಹೋದೆ. ಆಗ ಮೊದಲ ಸರದಿಯ ಮೀನು ಕಾವಲಿಯಿಂದ ಇಳಿಯುತ್ತಿತ್ತು. ಅದೇ ಹೋಟೆಲಿನ ಮೀನು ಎಂದು ನಂಬಲಾಗದಷ್ಟು ಚೆನ್ನಾಗಿತ್ತು. ಅಲ್ಲಿನ ಅಡುಗೆಯವರ ಕೈ ಕೆಟ್ಟದ್ದಲ್ಲ, ಕಾದಿಟ್ಟ ಹೊತ್ತು ಕೆಟ್ಟದ್ದು.

ಜುಲೈ ತಿಂಗಳ ಕತೆ ಬೇರೆ. ಅದನ್ನು ಬಿಡಿಸಿ ಹೇಳಬೇಕು.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆಯಿಟ್ಟು ಮರಿಗಳು ಬೆಳೆಯಲು ಬಿಡುವ ಕಾಲ ಅದು. ದಕ್ಕೆಯಲ್ಲಿ ಬೋಟುಗಳು ಒಂದಕ್ಕೊಂದು ಮೈ ತಾಗಿಸಿಕೊಂಡು ಸಾಲಾಗಿ ನಿಂತಿರುತ್ತವೆ. ಕಡಲು ಶಾಂತವಾದ ದಿನ ನಾಡದೋಣಿಯವರು ತಂದಷ್ಟೇ ಊರ ಮೀನು. ಪೂರ್ವ ಕರಾವಳಿಯಲ್ಲಿ ಇದೇ ನಿಷೇಧ ಏಪ್ರಿಲ್ 15ಕ್ಕೆ ಆರಂಭವಾಗಿ ಜೂನ್ 14ಕ್ಕೆ ಮುಗಿಯುತ್ತದೆ. ಹಾಗಾಗಿ ನಮ್ಮ ಬೋಟುಗಳು ದಡದಲ್ಲಿರುವಾಗ ಆ ಕಡೆಯ ಮೀನು ಐಸು ತುಂಬಿದ ಲಾರಿಗಳಲ್ಲಿ ಇಲ್ಲಿಗೆ ಬರುತ್ತದೆ. ಲಾರಿಯ ಮೀನೆಂದರೆ ಕೆಟ್ಟ ಮೀನು ಎಂದಲ್ಲ. ಐಸು ಎಲ್ಲಿಯೂ ತಪ್ಪದಿದ್ದರೆ ಅದೂ ಒಳ್ಳೆಯ ಮೀನೇ. ಆದರೆ ಬಂಗುಡೆ, ಬೂತಾಯಿಯಂಥ (ಸಾರ್ಡೀನ್) ಮೀನುಗಳು ಬಿಸಿಲಿನಲ್ಲೋ ಐಸಿಲ್ಲದ ಬುಟ್ಟಿಯಲ್ಲೋ ಕೆಲವು ಗಂಟೆ ಇದ್ದರೆ ಅವುಗಳ ಮಾಂಸದಲ್ಲಿ ಹಿಸ್ಟಮಿನ್ ಎಂಬ ವಸ್ತು ಹುಟ್ಟಿಕೊಳ್ಳುತ್ತದೆ. ಒಮ್ಮೆ ಹುಟ್ಟಿತೆಂದರೆ ಬೇಯಿಸಿದರೂ ಹೋಗದು, ಹುರಿದರೂ ಹೋಗದು. ಎಷ್ಟೋ ಸಲ ವಾಸನೆಯಲ್ಲಿಯೂ ತಿಳಿಯುವುದಿಲ್ಲ.

ಜುಲೈಯಲ್ಲಿ ಬಸ್ ನಿಲ್ದಾಣದ ಬಳಿಯ ಹೋಟೆಲಿನಲ್ಲಿ ಬಂಗುಡೆಯ ಮೊದಲ ತುತ್ತಿಗೇ ನಾಲಿಗೆಯ ತುದಿ ಚುರುಗುಟ್ಟಿತು. ಕಾಳುಮೆಣಸು ಹಾಕಿರಬಹುದು ಎಂದುಕೊಂಡು ಅರ್ಧ ಮೀನು ತಿಂದೆ. ಕಚೇರಿಗೆ ಮರಳಿ ಕುಳಿತ ಸ್ವಲ್ಪ ಹೊತ್ತಿಗೆ ಕಿವಿ, ಕೆನ್ನೆ ಬಿಸಿಯಾಗಿ ಕೆಂಪಗಾದವು, ಕುತ್ತಿಗೆಯಲ್ಲಿ ತುರಿಕೆ ಎದ್ದಿತು. ಸಂಜೆಗೆ ಇಳಿಯಿತು. ವೈದ್ಯರು ಕೇಳಿದ ಮೊದಲ ಪ್ರಶ್ನೆಯೇ ಮಧ್ಯಾಹ್ನ ಯಾವ ಮೀನು ತಿಂದಿರಿ ಎಂಬುದು. ಮರುದಿನ ಹೋಟೆಲಿಗೆ ಹೋಗಿ ಹೇಳಿದೆ. ಗಲ್ಲೆಯಲ್ಲಿದ್ದವರು ನಿಮಗೆ ಮೀನು ಆಗಿಬರುವುದಿಲ್ಲವೇನೋ ಎಂದರು. ಹುಟ್ಟಿದಂದಿನಿಂದ ಮೀನು ತಿಂದವಳಿಗೆ ಆ ಮಾತು ನಿಜವಾಗಿಯೂ ನೋವು ಕೊಟ್ಟಿತು. ಮಳೆಗಾಲದಲ್ಲಿ ಬೇಡಿಕೆ ಹೆಚ್ಚು, ಮೀನು ಕಡಿಮೆ, ದರ ದುಬಾರಿ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಬಂದರಿನ ಹೋಟೆಲಿನಲ್ಲಿ ಅದೇ ವಾರ ಬಂಗುಡೆ ಕೇಳಿದಾಗ, "ಇವತ್ತು ಬಂದದ್ದು ಸರಿಯಿಲ್ಲ ಅಕ್ಕ, ತೆಗೆದುಕೊಳ್ಳಲಿಲ್ಲ. ನಂಗು ಇದೆ, ಮರ್ವಾಯಿ ಸುಕ್ಕ ಇದೆ" ಎಂದಿದ್ದರು. ತೋರಿಸಿದ ತಟ್ಟೆಯಲ್ಲಿ ಎರಡೇ ಜಾತಿ ಮೀನು, ಉಳಿದ ಜಾಗ ಖಾಲಿ. ಆ ಖಾಲಿ ಜಾಗಕ್ಕೆ ನಾನು ಹೆಚ್ಚಿನ ಅಂಕ ಕೊಡುತ್ತೇನೆ.

ಮರ್ವಾಯಿ ಎಂದರೆ ಚಿಪ್ಪುಮೀನು. ಅದರ ಸುಕ್ಕವನ್ನು ಹೇಳದೆ ಮುಂದಕ್ಕೆ ಹೋಗಲಾರೆ. ಚಿಪ್ಪಿನ ಒಂದು ಓಡನ್ನು ತೆಗೆದು, ಮಾಂಸ ಅಂಟಿದ ಇನ್ನೊಂದನ್ನು ಹಾಗೆಯೇ ಉಳಿಸಿ, ತೆಂಗಿನತುರಿ ಮತ್ತು ಹುರಿದ ಮಸಾಲೆಯಲ್ಲಿ ನೀರು ಆರುವವರೆಗೆ ಬೇಯಿಸಿದ್ದರು. ಓಡಿನ ಗುಳಿಯಲ್ಲಿ ತೆಂಗಿನತುರಿ ತುಂಬಿಕೊಂಡಿರುತ್ತದೆ. ಅದನ್ನು ಓಡಿನಿಂದಲೇ ಹೀರಿ ತಿನ್ನಬೇಕು. ಮರಳು ಒಂದು ಕಾಳೂ ಸಿಗಲಿಲ್ಲ. ತೊಳೆದವರಿಗೆ ತಾಳ್ಮೆ ಇತ್ತು.

ಮೂರನೆಯದು ಮಹಡಿಯ ಮೇಲಿನ ಹೋಟೆಲು. ಲಿಫ್ಟ್ ಇದೆ, ಬೆನ್ನಿಗೆ ಆನಿಕೆಯಿರುವ ಕುರ್ಚಿ ಇದೆ, ಕೈ ತೊಳೆಯುವಲ್ಲಿ ಬಿಸಿನೀರು ಬರುತ್ತದೆ. ಮೊಣಕಾಲು ನೋವಿರುವ ಅಮ್ಮನನ್ನು ಮೇ ತಿಂಗಳಲ್ಲಿ ಅಲ್ಲಿಗೇ ಕರೆದುಕೊಂಡು ಹೋದೆ. ಬಂಗುಡೆಗೆ ಬಂದರಿನ ಹೋಟೆಲಿನ ಎರಡರಷ್ಟಕ್ಕಿಂತ ಹೆಚ್ಚು ಕೊಟ್ಟೆವು. ಮೀನು ತಾಜಾ ಇತ್ತು. ಅದರಲ್ಲಿ ಅನುಮಾನವಿಲ್ಲ. ಮಸಾಲೆಯ ಹದ ಮಾತ್ರ ಬೇರೆ ಊರಿನವರ ನಾಲಿಗೆಗೆ ಹೊಂದಿಸಿದ್ದು. ಹುಳಿ ಕಡಿಮೆ, ಬೆಣ್ಣೆ ಹೆಚ್ಚು, ಮೇಲೆ ಕರಿಬೇವು, ನಿಂಬೆ, ಈರುಳ್ಳಿ ಬಳೆಗಳ ಅಲಂಕಾರ. ಅಮ್ಮ ಈರುಳ್ಳಿಯನ್ನು ಬದಿಗೆ ಸರಿಸಿ, ಮೀನನ್ನು ಮಗುಚಿ ಗೀರು ನೋಡಿದರು. ಗೀರು ಚರ್ಮದಲ್ಲಿಯೇ ನಿಂತಿತ್ತು. "ಉಪ್ಪು ಹುಳಿ ಒಳಗೆ ಹೋಗುವುದಾದರೂ ಹೇಗೆ?" ಎಂದರು.

ಆದರೆ ಇಲ್ಲಿಯ ಕಾಣೆ ರವಾ ಫ್ರೈ ಮೂರರಲ್ಲಿ ಅತ್ಯುತ್ತಮ. ಬಂಗುಡೆಗೆ ರವೆ ಹೊದಿಸುವುದು ನನಗೆ ಇಷ್ಟವಿಲ್ಲ, ಅದರ ಎಣ್ಣೆಗೂ ಮಸಾಲೆಗೂ ನಡುವೆ ಗೋಡೆ ಕಟ್ಟಿದಂತಾಗುತ್ತದೆ. ಕಾಣೆ ಮೆತ್ತಗಿನ ಮೀನು, ಬರಿಯ ಕಾವಲಿಯಲ್ಲಿ ಮಗುಚುವಾಗ ಮುರಿಯುತ್ತದೆ. ಅದಕ್ಕೆ ರವೆಯ ಹೊದಿಕೆ ಬೇಕು. ಹೊರಗೆ ಕರಕರೆನ್ನುವ ತೆಳು ಪದರ, ಒಳಗೆ ಬೆಣ್ಣೆಯಂಥ ಬಿಳಿ ಮಾಂಸ. ಮುಳ್ಳು ಕಡಿಮೆ ಇರುವುದರಿಂದ ಮಕ್ಕಳಿಗೂ ಮುಳ್ಳು ಬಿಡಿಸಿ ತಿನ್ನಲು ಬಾರದ ಅತಿಥಿಗಳಿಗೂ ಇದೇ ಸರಿ. ಎಣ್ಣೆಯನ್ನು ಚೆನ್ನಾಗಿ ಬಸಿದು ಕೊಡುತ್ತಾರೆ. ಬಂದರಿನ ಹೋಟೆಲಿನಲ್ಲಿ ಕಾಣೆಯನ್ನು ಬಂಗುಡೆಯ ಪಕ್ಕದಲ್ಲಿ, ಅದೇ ಕೆಂಪು ಎಣ್ಣೆಯಲ್ಲಿ ಹುರಿಯುತ್ತಾರೆ. ತಟ್ಟೆಗೆ ಬರುವಾಗ ಅದು ಎರಡು ತುಂಡಾಗಿರುತ್ತದೆ, ಬಾಯಲ್ಲಿ ಉಳಿಯುವುದು ಮಸಾಲೆ ಮಾತ್ರ. ಎಲ್ಲ ಮೀನಿಗೂ ಒಂದೇ ಮಸಾಲೆ, ಒಂದೇ ಕಾವಲಿ ಎನ್ನುವುದು ಆ ಹೋಟೆಲಿನ ದೊಡ್ಡ ಕೊರತೆ.

ಜುಲೈಯಲ್ಲಿ ಮಹಡಿಯ ಹೋಟೆಲಿನ ಕಾರ್ಡಿನಲ್ಲಿ ಒಂದು ಹೆಸರೂ ಕಡಿಮೆಯಾಗಿರಲಿಲ್ಲ. ಮಾಂಜಿ, ಅಂಜಲ್, ಕಾಣೆ, ಏಡಿ ಎಲ್ಲವೂ ಇದ್ದವು. ಇವು ಎಲ್ಲಿಂದ ಬಂದವು ಎಂದು ಬಡಿಸುವ ಹುಡುಗನನ್ನು ಕೇಳಿದೆ. ಅವನು ಒಳಗೆ ಹೋಗಿ ಕೇಳಿಕೊಂಡು ಬಂದು, ಅಂಜಲ್ ಹೊರಗಿನಿಂದ ಬಂದ ಐಸಿನ ಮೀನು, ಕಾಣೆ ಮಾತ್ರ ಇಲ್ಲಿಯದು ಎಂದು ನೇರವಾಗಿ ಹೇಳಿದ. ಕೇಳಿದ್ದಕ್ಕೆ ಸರಿಯಾದ ಉತ್ತರ ಸಿಕ್ಕಿತು. ಕೇಳದಿದ್ದರೆ ಗೊತ್ತಾಗುತ್ತಿರಲಿಲ್ಲ.

ಫ್ರೈ ಬಗ್ಗೆ ಇಷ್ಟು ಬರೆದೆ. ಮೀನೂಟದ ನಿಜವಾದ ಪರೀಕ್ಷೆ ಇರುವುದು ಅನ್ನದ ಮೇಲೆ ದುಡ್ಡಿಲ್ಲದೆ ಹಾಕುವ ಸಾರಿನಲ್ಲಿ. ಫ್ರೈಗೆ ಬೆಲೆ ಕೊಡುತ್ತೇವೆ, ಅದನ್ನು ಚೆನ್ನಾಗಿ ಮಾಡಲೇಬೇಕು. ಸಾರು ಊಟದ ಜೊತೆಗೆ ಬರುವುದು, ಅದರಲ್ಲಿ ತುಂಡು ಹುಡುಕುವ ಹಕ್ಕೂ ನಮಗಿಲ್ಲ. ಅದನ್ನು ಶ್ರದ್ಧೆಯಿಂದ ಮಾಡುವವರು ಬೇರೆ ಯಾವುದರಲ್ಲಿಯೂ ಕೈ ಬಿಗಿಹಿಡಿಯುವುದಿಲ್ಲ.

ಬಸ್ ನಿಲ್ದಾಣದ ಹೋಟೆಲಿನ ಸಾರು ತೆಳು, ಬಣ್ಣ ಚೆಂದ. ಬಾಯಿಗೆ ಬರುವುದು ಹುಣಸೆಹುಳಿ ಮತ್ತು ಮೆಣಸಿನ ಪುಡಿ. ತೆಂಗಿನಕಾಯಿ ಅರೆದು ಹಾಕಿದ್ದು ಹೆಸರಿಗೆ. ಮಹಡಿಯ ಹೋಟೆಲಿನದು ಗಟ್ಟಿ, ಚಿಕ್ಕ ಬಟ್ಟಲಿನಲ್ಲಿ ಬರುತ್ತದೆ. ರುಚಿ ಇದೆ, ಆದರೆ ಎರಡನೆಯ ಸಲ ಕೇಳಬೇಕು, ಕೇಳಿದರೆ ಅದೇ ಬಟ್ಟಲಿನಷ್ಟೇ ಸಿಗುತ್ತದೆ. ಕುಚ್ಚಲಕ್ಕಿ ಅನ್ನದ ಕಾಳು ದಪ್ಪ. ಅದು ಸಾರನ್ನು ಕುಡಿಯುತ್ತಾ ಹೋಗುತ್ತದೆ. ಬಟ್ಟಲ ಲೆಕ್ಕ ಅದಕ್ಕೆ ಸಾಲುವುದಿಲ್ಲ.

ಬಂದರಿನ ಹೋಟೆಲಿನಲ್ಲಿ ಸಾರು ಬಕೆಟ್ಟಿನಲ್ಲಿ ಬರುತ್ತದೆ. ತೆಂಗಿನಕಾಯಿ ನುಣ್ಣಗೆ ಅರೆದದ್ದು, ಕೊತ್ತಂಬರಿ, ಜೀರಿಗೆ, ನಾಲ್ಕು ಕಾಳು ಮೆಂತೆ ಹುರಿದು ಸೇರಿಸಿದ್ದು, ಕೊನೆಯಲ್ಲಿ ಸ್ವಲ್ಪ ಓಮದ ಪರಿಮಳ. ಬೂತಾಯಿಯನ್ನೋ ಅಂಜಲಿನ ತಲೆಯನ್ನೋ ಅದರಲ್ಲಿ ಬೇಯಿಸಿರುತ್ತಾರೆ, ಹಾಗಾಗಿ ತುಂಡು ಬರದಿದ್ದರೂ ಮೀನಿನ ಸತ್ವ ಇರುತ್ತದೆ. ಮೇಲೆ ಎಣ್ಣೆಯ ಸಣ್ಣ ಸಣ್ಣ ಕಣ್ಣುಗಳು ತೇಲುತ್ತವೆ. ಅನ್ನದ ನಡುವೆ ಗುಳಿ ಮಾಡಿಕೊಂಡರೆ ಬಡಿಸುವವರು ಅದು ತುಂಬಿ ಹರಿಯುವವರೆಗೆ ಹಾಕುತ್ತಾರೆ. ಒಂದು ಬಂಗುಡೆ, ಎರಡು ಸಲ ಅನ್ನ, ಮೂರು ಸಲ ಸಾರು. ನನ್ನ ಎದುರು ಕೂತಿದ್ದ ಮೂಟೆ ಹೊರುವವರು ಫ್ರೈ ತೆಗೆದುಕೊಂಡಿರಲೇ ಇಲ್ಲ. ಅವರ ಊಟ ಪೂರ್ತಿಯಾದದ್ದು ಆ ಸಾರಿನಿಂದಲೇ.

ಹಾಗಾದರೆ ಯಾರನ್ನು ಎಲ್ಲಿಗೆ ಕಳಿಸುತ್ತೇನೆ? ಬೆಳಿಗ್ಗೆಯ ಕೆಲಸ ಮುಗಿಸಿ ಬಸ್ ಹಿಡಿಯಬೇಕಾದವರು ನಿಲ್ದಾಣದ ಬಳಿಯೇ ಉಣ್ಣಲಿ, ಆದರೆ ಹನ್ನೆರಡಕ್ಕೆ ಮೊದಲು. ಮಳೆಗಾಲದ ಎರಡು ತಿಂಗಳು ಅಲ್ಲಿ ಬಂಗುಡೆ, ಬೂತಾಯಿ ಹೇಳದಿರಲಿ. ನಾಲಿಗೆ ಚುರುಗುಟ್ಟಿದರೆ ಆ ಕ್ಷಣವೇ ಮೀನನ್ನು ಬದಿಗಿಡಲಿ. ವಯಸ್ಸಾದವರು, ಚಿಕ್ಕ ಮಕ್ಕಳು, ಮುಳ್ಳಿಗೆ ಹೆದರುವವರು ಇದ್ದರೆ ಮಹಡಿಯ ಹೋಟೆಲು, ಅಲ್ಲಿ ಕಾಣೆ ರವಾ ಫ್ರೈ. ಮಂಗಳೂರಿನ ಮೀನೂಟ ಎಂದರೆ ಏನು ಎಂದು ತಿಳಿಯಬೇಕಾದವರಿಗೆ ಬಂದರಿನ ಗಲ್ಲಿ. ನನ್ನ ಮಟ್ಟಿಗೆ ಉಳಿದೆರಡೂ ಅದಕ್ಕೆ ಸಮನಲ್ಲ.

ಅಕ್ಟೋಬರಿನಲ್ಲಿ ಅಮ್ಮನನ್ನೂ ಅಲ್ಲಿಗೆ ಕರೆದುಕೊಂಡು ಹೋದೆ. ಜನ ಸೇರುವ ಮೊದಲೇ, ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ. ಗಲ್ಲೆಯಲ್ಲಿದ್ದವರು ಎದ್ದು ಬಂದು, "ಇಲ್ಲಿ ಕೂತುಕೊಳ್ಳಿ ಅಮ್ಮ" ಎಂದು ಬಾಗಿಲಿನ ಹತ್ತಿರದ ಬೆಂಚಿನ ತುದಿಯನ್ನು ತೋರಿಸಿದರು. ಅಮ್ಮ ಹಸಿಮೀನಿನ ತಟ್ಟೆಯಲ್ಲಿ ಬಂಗುಡೆಯೊಂದರ ಹೊಟ್ಟೆಯನ್ನು ಬೆರಳಿನಿಂದ ಒತ್ತಿ ನೋಡಿ, ಅದನ್ನು ಬಿಟ್ಟು ಪಕ್ಕದ್ದನ್ನು ಆರಿಸಿದರು. ತಂದವರು ಬೇಸರಪಡಲಿಲ್ಲ. ಸಾರು ಹಾಕಿಸಿಕೊಂಡು ಒಂದು ತುತ್ತು ಉಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಕೊತ್ತಂಬರಿ ಒಂದು ಚೂರು ಹೆಚ್ಚು ಹುರಿದಿದ್ದಾರೆ" ಎಂದರು. ಆ ಮೇಲೆ ಬಕೆಟ್ಟು ಹಿಡಿದು ಹೋಗುತ್ತಿದ್ದವರನ್ನು ಕರೆದು, ಅನ್ನದ ನಡುವೆ ಇನ್ನೊಂದು ಗುಳಿ ಮಾಡಿದರು.